ನಕ್ಷೆಯಿಂದ ಹೋದ ಹಳ್ಳ

ನಾರ್‌ಶೋಪಿಂಗ್, ಮೊದಲ ದಿನಗಳು

ಮೊದಲು ಮೊಮ್ಮಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಓಡುವುದಿಲ್ಲ. ಹೆಸರು ವೇದಾ. ನಾನು ಸ್ವೀಡನ್ನಿಗೆ ಹೋದಾಗ ಅವಳಿಗೆ ಎರಡೂವರೆ ತಿಂಗಳು. ಮಗಳ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಕೂಸು. ವಿಮಾನ ನಿಲ್ದಾಣದಲ್ಲಿ ಅಳಿಯ ನವೀನ ಅವಳನ್ನು ನನ್ನ ತೋಳಿಗೆ ಕೊಟ್ಟಾಗ ನನ್ನ ಬಲಗೈ ಹೆಬ್ಬೆರಳನ್ನು ಹಿಡಿದುಕೊಂಡಳು. ಮೂವತ್ತನಾಲ್ಕು ವರ್ಷ ಸರಪಳಿ ಎಳೆದು ಜಡ್ಡುಗಟ್ಟಿದ ಬೆರಳು ಅದು. ಕಾರಿನ ತನಕ ಅವಳೂ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಈ ಸಂಭ್ರಮದಲ್ಲಿ ನನ್ನ ಪೆಟ್ಟಿಗೆಯನ್ನು ತಳ್ಳುಗಾಡಿಯ ಮೇಲೆಯೇ ಬಿಟ್ಟು ಬಂದಿದ್ದೆವು. ನವೀನ ಅರ್ಧ ದಾರಿಯಿಂದ ವಾಪಸ್ ಹೋಗಿ ತಂದ. ಅದು ನಿಂತ ಜಾಗದಲ್ಲೇ ನಿಂತಿತ್ತಂತೆ, ಯಾರೂ ಮುಟ್ಟಿರಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಹಿರಿಯೂರು ಕಡೆಯವನು. ಕೆರೆ, ಕಾಲುವೆ, ಬಡಾವಣೆ ಅಂತ ಮೋಜಣಿ ಮಾಡುವವರ ಜೊತೆ ಚೈನ್‌ಮನ್ ಆಗಿದ್ದೆ. ಆ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಮೋಜಣಿದಾರ ಯಂತ್ರದ ಪಕ್ಕ ಛತ್ರಿಯಡಿ ನಿಲ್ಲುತ್ತಾನೆ. ಚೈನ್‌ಮನ್ ಸರಪಳಿಯ ತುದಿ ಹಿಡಿದು ಮುಂದೆ ಹೋಗುತ್ತಾನೆ, ಕಾಲಿಗೆ ಏನು ಸಿಕ್ಕಿತೋ ಅದನ್ನು ಅಲ್ಲಿಂದಲೇ ಕೂಗುತ್ತಾನೆ. "ಬೇಲಿ." "ಬಾವಿ." "ಹಳ್ಳ, ಎಡದಂಡೆ." ಕೂಗಿದ್ದು ಪುಸ್ತಕಕ್ಕೆ ಹೋಗುತ್ತದೆ, ಪುಸ್ತಕದ್ದು ನಕ್ಷೆಗೆ ಹೋಗುತ್ತದೆ. ಕೂಗದೆ ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ.

ಮಗಳು ಶೈಲಾ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಹಳೆಯ ನಕ್ಷೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಆ ದೇಶದ ಹಳ್ಳಿಗಾಡಿನ ಹಳ್ಳ ತೊರೆಗಳು ನೂರು ವರ್ಷದ ಹಿಂದೆ ಎಲ್ಲಿ ಹರಿಯುತ್ತಿದ್ದವು, ಈಗ ಎಲ್ಲಿವೆ, ನಡುವೆ ಎಲ್ಲಿ ಕಾಣೆಯಾದವು ಅನ್ನುವುದನ್ನು ಹಾಳೆಯ ಮೇಲೆ ಹಾಳೆ ಇಟ್ಟು ನೋಡುವುದು ಅವಳ ಕೆಲಸ. ನಾನು ಮುಳ್ಳಿನಲ್ಲಿ ನಡೆದು ಮಾಡಿದ್ದನ್ನು ಅವಳು ಕುರ್ಚಿಯಲ್ಲಿ ಕೂತು ಓದುತ್ತಾಳೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ, ಹಾಗಾಗಿ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ಅವರಿಗೆ ಕನ್ನಡ ಬರುವುದಿಲ್ಲ. ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು.

ಆ ಜನಕ್ಕೆ ಒಂದು ಅಭ್ಯಾಸವಿದೆ. ಕೂಸನ್ನು ತಳ್ಳುಗಾಡಿಯಲ್ಲಿ ಹೊದಿಸಿ ಮಲಗಿಸಿ, ಗಾಡಿಯನ್ನು ಹೊರಗೆ ಚಳಿಯಲ್ಲಿ ನಿಲ್ಲಿಸಿ, ತಾವು ಒಳಗೆ ಕಾಫಿ ಕುಡಿಯುತ್ತಾರೆ. ಒಳ್ಳೆಯ ನಿದ್ದೆ ಬರುತ್ತದಂತೆ. ಮಗಳೂ ಹಾಗೇ ಮಾಡಿದಳು. ಆರು ದಿನ ನಾನು ಗಾಡಿಯ ಪಕ್ಕ ಸ್ಟೂಲು ಹಾಕಿಕೊಂಡು ಮಂಗನ ಟೋಪಿಯಲ್ಲಿ ಕೂತೆ.

"ಅಪ್ಪ, ನೆಗಡಿ ಆಗೋದು ಅವಳಿಗಲ್ಲ, ನಿಮಗೆ. ಒಳಗೆ ಬನ್ನಿ."

"ಆಗಲಿ ಬಿಡವ್ವ. ನಾನೇನು ಕಾಫಿ ಕುಡಿಯೋಕೆ ಇಷ್ಟು ದೂರ ಬಂದ್ನಾ?"

ಏಳನೆಯ ದಿನ ನನಗೆ ನೆಗಡಿ ಆಯಿತು. ಕೂಸಿನ ಹತ್ತಿರ ಬರಬೇಡಿ ಅಂದರು. ಬಾಗಿಲ ಸಂದಿಯಿಂದ ನೋಡುತ್ತಾ ಮೂರು ದಿನ ಕಳೆದೆ.

ಆಗಲೇ ಮನೆಯ ಸುದ್ದಿ ಬಂತು. ನವೀನನಿಗೆ ಪಶ್ಚಿಮದ ಕಡೆ, ಕಾರಿನಲ್ಲಿ ಒಂದೂವರೆ ಗಂಟೆ ದೂರದ ಊರಿನಲ್ಲಿ, ದೊಡ್ಡ ಗೋದಾಮುಗಳ ಕಂಪ್ಯೂಟರ್ ನೋಡಿಕೊಳ್ಳುವ ಹೊಸ ಕೆಲಸ ಸಿಕ್ಕಿತ್ತು. ಅಲ್ಲೇ ಹತ್ತಿರ ಒಂದು ತೋಟದ ಮನೆ ನೋಡಿದ್ದರು. ಅಲ್ಲಿ ಮನೆಯನ್ನು ಹರಾಜಿನ ಹಾಗೆ ಫೋನಿನಲ್ಲಿ ಕೂಗುತ್ತಾರೆ. ಕೊನೆಗೆ ಇವರ ಕೂಗೇ ಗೆದ್ದಿತ್ತು. ಮುಂದಿನ ಶುಕ್ರವಾರ ಸಹಿ. ಸಹಿಯಾದ ಮೇಲೆ ನೆಲದಲ್ಲಿ ಏನೇ ಕಂಡರೂ ಕೊಂಡವರ ಪಾಡು, ಮೊದಲೇ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ ಅಂತ ನವೀನ ವಿವರಿಸಿದ.

ಎಣ್ಣೆ ಸೀಮೆಯ ಕೆಂಪು ಮನೆ

ಶನಿವಾರ ನನಗೂ ಮನೆ ತೋರಿಸಲು ಕರೆದುಕೊಂಡು ಹೋದರು. ಏಪ್ರಿಲ್ ತಿಂಗಳು, ಹಿಮ ಕರಗಿ ಹೊಲಗಳು ಒದ್ದೆ ಗೋಣಿಚೀಲದ ಬಣ್ಣದಲ್ಲಿದ್ದವು. ದೂರದಲ್ಲಿ ಒಂದೇ ಒಂದು ಗುಡ್ಡ ಕಂಡಿತು. ಸುತ್ತ ಎಲ್ಲ ಸಮನೆಲ, ಇದೊಂದು ಮಾತ್ರ ತಟ್ಟೆಯಲ್ಲಿ ಮುದ್ದೆ ಇಟ್ಟ ಹಾಗೆ.

"ಇದು ದೇವರು ಮಾಡಿದ ಬೆಟ್ಟ ಅಲ್ಲ ಕಣವ್ವ," ಅಂದೆ.

ಶೈಲಾ ನಕ್ಕಳು. "ಕರೆಕ್ಟ್ ಅಪ್ಪ. ಬೂದಿ ಅದು. ಇಲ್ಲಿ ನೆಲದಡಿ ಕರೀ ಕಲ್ಲಿದೆ, ಅದರಲ್ಲಿ ಎಣ್ಣೆ ಇದೆ. ಎರಡನೇ ಮಹಾಯುದ್ಧದ ಟೈಮಲ್ಲಿ ಹೊರಗಡೆಯಿಂದ ಎಣ್ಣೆ ಬರೋದು ನಿಂತಾಗ ಕಲ್ಲು ಅಗೆದು, ಸುಟ್ಟು, ಎಣ್ಣೆ ತೆಗೆದ್ರು. ಸುಟ್ಟ ಕಲ್ಲನ್ನ ಅಲ್ಲಿ ಸುರಿದ್ರು. ಒಳಗೆ ಇನ್ನೂ ಬಿಸಿ ಇದೆಯಂತೆ."

ಅಷ್ಟು ವರ್ಷದಿಂದ ಆರದ ಬೂದಿ. ಅದರ ಮೇಲೆ ಬಿಳಿ ತೊಗಟೆಯ ಮರಗಳು ಬೆಳೆದು ಬೂದಿಯ ಬಣ್ಣವೇ ಕಾಣುತ್ತಿರಲಿಲ್ಲ.

ಮನೆ ಅಲ್ಲಿಂದ ಬಹಳ ದೂರ. ಕೆಂಪು ಬಣ್ಣದ ಹಲಗೆಯ ಮನೆ, ಬಿಳಿ ಕಿಟಕಿ, ಒಂದು ಬಾವಿ, ಎರಡು ಸೇಬಿನ ಮರ. ಮಾಲೀಕ ಗುನ್ನಾರ್ ಎಂಬತ್ತು ದಾಟಿದವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದ. ಹೆಂಡತಿ ಹೋಗಿ ಎರಡು ವರ್ಷ, ನನ್ನವಳು ಹೋಗಿ ಐದು. ಇಬ್ಬರೂ ಬೆರಳಿನಲ್ಲಿ ಲೆಕ್ಕ ತೋರಿಸಿಕೊಂಡೆವು. ಮನೆ ಮಾರಿ ಪಟ್ಟಣದಲ್ಲಿ ಮಗಳ ಮನೆಯ ಎದುರಿಗೇ ಒಂದು ಕೋಣೆ ಹಿಡಿಯುವುದು ಅವನ ಆಸೆ. ಸಾಮಾನು ಆಗಲೇ ಕಟ್ಟಿಟ್ಟಿದ್ದ. ಗೋಡೆಯಲ್ಲಿ ಗಡಿಯಾರ ತೆಗೆದ ಜಾಗ ದುಂಡಗೆ ಬೆಳ್ಳಗಿತ್ತು.

ಕಾಫಿ, ದಾಲ್ಚಿನ್ನಿ ಹಾಕಿದ ಬನ್ನು ಕೊಟ್ಟ. ಫಿಕಾ ಅನ್ನುತ್ತಾರೆ ಅದಕ್ಕೆ. ಬೇಡ ಅಂದರೆ ಬೇಜಾರು, ಮೂರನೆಯದು ತೆಗೆದುಕೊಂಡರೂ ಬೇಜಾರು. ನಾನು ಮೂರನೆಯದು ತೆಗೆದುಕೊಂಡೆ. ಶೈಲಾ ಮೇಜಿನ ಕೆಳಗೆ ಕಾಲು ಒತ್ತಿದಳು.

"ಬಾವಿಯ ನೀರು ನಲವತ್ತು ವರ್ಷದಿಂದ ಕುಡಿಯುತ್ತಿದ್ದೇನೆ," ಅಂದ ಗುನ್ನಾರ್, ಶೈಲಾ ಕನ್ನಡದಲ್ಲಿ ಹೇಳಿದಳು. ನೆಲಮಾಳಿಗೆಯ ಒಂದು ಗೋಡೆ ಮಾತ್ರ ಪ್ರತಿ ವಸಂತದಲ್ಲಿ ತೇವವಾಗುತ್ತದೆ, ಹಳೆಯ ಮನೆ ಅಲ್ಲವೇ ಅಂದ.

ಅವರು ಒಳಗೆ ಮಾತಾಡುತ್ತಿರುವಾಗ ನಾನೂ ನವೀನನೂ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಬಂದೆವು. ಹುಲ್ಲಿನ ಮೇಲೆ ಸಾಲಾಗಿ ಮಣ್ಣಿನ ಗುಪ್ಪೆಗಳು. ನೆಲದೊಳಗೆ ಬಿಲ ತೋಡುವ ಇಲಿಯ ಕೆಲಸ. ಮಣ್ಣು ಇಟ್ಟಿಗೆಪುಡಿಯ ಹಾಗೆ ಕೆಂಪಗಿತ್ತು.

"ಮಾವ, ನೋಡಿದ್ರಾ? ನಮ್ಮೂರ ಕೆಂಪು ಮಣ್ಣು. ಈ ದೇಶದಲ್ಲಿ ನಾನು ಇದನ್ನ ನೋಡೇ ಇಲ್ಲ."

ನನಗೆ ಆದ ಸಂತೋಷವನ್ನು ಹೇಗೆ ಬರೆಯಲಿ. ಹೊಸ ಜಾಗಕ್ಕೆ ಕೂಸನ್ನು ತಂದರೆ ಆ ನೆಲದ ಮಣ್ಣನ್ನು ಅಂಗಾಲಿಗೆ ಮುಟ್ಟಿಸುವುದು ನಮ್ಮ ಮನೆಯ ಪದ್ಧತಿ. ಶೈಲಾಳಿಗೆ ನನ್ನ ತಾಯಿ ಮುಟ್ಟಿಸಿದ್ದಳು. ನಾನು ವೇದಾಳ ಕಾಲುಚೀಲ ತೆಗೆದು ಆ ಕೆಂಪನ್ನು ಎರಡೂ ಅಂಗಾಲಿಗೆ ಹಚ್ಚಿದೆ. ಒಂದು ಹಿಡಿಯನ್ನು ಕರ್ಚೀಫಿನ ತುದಿಗೆ ಗಂಟು ಕಟ್ಟಿ ಕೋಟಿನ ಜೇಬಿನಲ್ಲಿಟ್ಟೆ, ಊರಿಗೆ ಒಯ್ದು ದೇವರ ಮುಂದಿಡಲು. ಬೇರೆ ಗುಪ್ಪೆಗಳು ಕಪ್ಪಗಿದ್ದವು, ಕೆಂಪಿನವು ಒಂದು ಪಟ್ಟಿಯಲ್ಲಿ ಮಾತ್ರ ಇದ್ದವು. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಗಳ ಮೇಜು

ಭಾನುವಾರ ಶೈಲಾ ನನಗೆ ಖುಷಿಯಾಗಲಿ ಅಂತ ಆ ಮನೆಯ ಜಾಗದ ಎರಡು ನಕ್ಷೆ ಅಚ್ಚು ಹಾಕಿ ಮೇಜಿನ ಮೇಲೆ ಹರಡಿದಳು. ಒಂದು ಎಣ್ಣೆ ಕಾರ್ಖಾನೆ ಬರುವುದಕ್ಕಿಂತ ಮುಂಚಿನದು, ಇನ್ನೊಂದು ಈಗಿನದು. ಭಾಷೆ ಬರದಿದ್ದರೂ ನಕ್ಷೆ ನನಗೆ ಬರುತ್ತದೆ. ನೀಲಿ ಅಂದರೆ ನೀರು, ಕಂದು ಗೆರೆ ಅಂದರೆ ನೆಲದ ಎತ್ತರ, ಕಂಟೂರ್ ಅನ್ನುತ್ತೇವೆ.

ಹಳೆಯ ಹಾಳೆಯ ಮೇಲೆ ಬೆರಳಿಟ್ಟು ಹೋದೆ. ಮನೆಯ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ ನೀಲಿ ಇರಲಿಲ್ಲ. ಆದರೆ ಮೂರು ಕಂದು ಗೆರೆ, ಒಂದರ ಹಿಂದೆ ಒಂದು, ದಿಬ್ಬದ ಕಡೆಗೆ ಮೂತಿ ಮಾಡಿ ಬಾಗಿದ್ದವು. ಮೇಲಕ್ಕೆ ಮೂತಿ ಮಾಡಿದರೆ ಹಳ್ಳ, ಕೆಳಕ್ಕೆ ಮಾಡಿದರೆ ದಿಣ್ಣೆ. ಇದನ್ನು ನಾನು ಕಾಲಿನಲ್ಲಿ ಕಲಿತವನು. ಹೊಸ ಹಾಳೆಯಲ್ಲಿ ಅದೇ ಗೆರೆಗಳು ನೆಟ್ಟಗೆ ಓಡಿದ್ದವು.

"ಶೈಲಾ, ಇಲ್ಲಿ ಹಳ್ಳ ಇತ್ತು. ಈಗ ತುಂಬಿಸವ್ರೆ."

"ನೀಲಿ ಇಲ್ವಲ್ಲ ಅಪ್ಪ."

"ನೀಲಿ ಇಲ್ಲ. ನೆಲ ಬಾಗೈತೆ."

"ಅದು ಸುಮ್ನೆ ಒಂದು ತಗ್ಗು ಇರಬಹುದು. ಇದು ಫೀಲ್ಡಲ್ಲಿ ನಡೆದು ನೋಡಿ ಮಾಡಿರೋ ಶೀಟು. ಆಗಿನವರು ತುಂಬಾ ಕೇರ್‌ಫುಲ್. ಮೊಣಕಾಲುದ್ದದ ತೊರೆನೂ ಬರೆದಿದ್ದಾರೆ. ಹಳ್ಳ ಇದ್ದಿದ್ರೆ ಬಿಡ್ತಾ ಇರಲಿಲ್ಲ."

"ಬಿಡ್ತಾರೆ."

"ಹೆಂಗೆ ಹೇಳ್ತೀರಾ?"

ನವೀನ ಅಡುಗೆ ಮನೆಯಿಂದ ಬಂದ. ನಾಲ್ಕು ವರ್ಷದಿಂದ ಮನೆ ಹುಡುಕಿದ್ದು ಅವನೇ. "ಮಾವ, ನಿಮ್ಮ ಹೊಟ್ಟೆಯಲ್ಲಿ ಆ ಮೂರನೇ ಬನ್ನು ಇನ್ನೂ ಓಡಾಡ್ತಾ ಇದೆ. ಮಲಗಿ ಸ್ವಲ್ಪ." ತಮಾಷೆಗೆ ಅಂದದ್ದು. ಶೈಲಾ ಹಾಳೆ ಮಡಿಸಿದಳು. ಬೇರೆಯವರ ಹಳ್ಳವಾಗಿದ್ದರೆ ಅವಳೇ ಆ ಬಾಗು ಕಾಣುತ್ತಿದ್ದಳು. ಮನೆ ಬೇಕು ಅನ್ನುವ ಕಣ್ಣಿಗೆ ನೀಲಿ ಇಲ್ಲದಿದ್ದದ್ದೇ ಸಾಕಾಗಿತ್ತು.

ಹೆಂಗೆ ಹೇಳ್ತೀರಾ ಅಂದಿದ್ದಳು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಹದಿನೆಂಟು ವರ್ಷದಿಂದ ಇತ್ತು. ಸೋಮವಾರ ಇಡೀ ದಿನ ಕೂಸಿನ ಮುಖ ನೋಡುತ್ತಾ ಕೂತೆ, ಹೇಳಲು ಬಾಯಿ ಬರಲಿಲ್ಲ.

ನದಿಯ ಪಕ್ಕದ ಬೆಂಚು

ನಾರ್‌ಶೋಪಿಂಗ್‌ನ ನಡುವೆ ನದಿ ಹರಿಯುತ್ತದೆ. ಎರಡೂ ಕಡೆ ಹಳೆಯ ಬಟ್ಟೆ ಗಿರಣಿಗಳು, ಈಗ ಅವುಗಳಲ್ಲಿ ಹುಡುಗರು ಓದುತ್ತಾರೆ. ಮಂಗಳವಾರ ಮಧ್ಯಾಹ್ನ ನಾನೂ ಶೈಲಾಳೂ ಗಾಡಿ ತಳ್ಳಿಕೊಂಡು ಹೋಗಿ ಬೆಂಚಿನ ಮೇಲೆ ಕೂತೆವು. ವೇದಾ ನಿದ್ದೆಯಲ್ಲಿದ್ದಳು. ನೀರಿನ ಸದ್ದು ಜೋರಾಗಿತ್ತು. ಆ ಸದ್ದಿನ ಧೈರ್ಯದಲ್ಲೇ ಹೇಳಿದೆ ಅನ್ನಿ.

ನೀನು ಕಾಲೇಜಿನಲ್ಲಿದ್ದಾಗ, ಅಂತ ಶುರು ಮಾಡಿದೆ. ಒಂದು ಪಟ್ಟಣದ ಅಂಚಿನಲ್ಲಿ ಬಡಾವಣೆಗೆ ಅಳೆಯುತ್ತಿದ್ದೆವು. ಪಟ್ಟಣದ ಹೆಸರು ಅವಳಿಗೆ ಹೇಳಿದೆ, ಇಲ್ಲಿ ಬರೆಯುವುದಿಲ್ಲ. ಮೇ ತಿಂಗಳ ಬಿಸಿಲು. ಸರಪಳಿ ಹಿಡಿದು ಮುಂದೆ ಹೋದೆ. ಎದುರಿಗೆ ಒಂದು ಒಣಹಳ್ಳ. ಅದರ ತುಂಬ ಬಳ್ಳಾರಿ ಜಾಲಿ. ಇಳಿದರೆ ಮೈಯೆಲ್ಲ ಮುಳ್ಳು. ಹತ್ತು ವರ್ಷದಿಂದ ಅಲ್ಲಿ ನೀರು ಹರಿದದ್ದನ್ನು ಯಾರೂ ನೋಡಿರಲಿಲ್ಲ. ಸುತ್ತಿ ಬಳಸಿ ಆಚೆ ಹೋಗಿ ಸರಪಳಿ ಬಿಗಿ ಹಿಡಿದೆ. "ಏನಯ್ಯಾ ಮಧ್ಯೆ?" ಅಂತ ಮೋಜಣಿದಾರರು ಕೂಗಿದರು. "ಬಯಲು," ಅಂದೆ. ಬರೆದುಕೊಂಡರು. ನಂಬಿ ಬರೆದುಕೊಂಡರು, ಯಾಕೆಂದರೆ ನಾನು ಯಾವತ್ತೂ ಸುಳ್ಳು ಕೂಗಿದವನಲ್ಲ.

ನಾಲ್ಕು ವರ್ಷದ ಮೇಲೆ ಅಲ್ಲಿ ಮನೆಗಳೆದ್ದವು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮೇಲಿನ ಕೆರೆ ಒಡೆಯುವ ಹಾಗೆ ಮಳೆ ಬಂತು. ಹಳ್ಳಕ್ಕೆ ತನ್ನ ದಾರಿ ಗೊತ್ತಿತ್ತು. ಒಂದು ಮನೆ ಹೋಯಿತು. ಅದರಲ್ಲಿ ತಾಯಿ, ಸೀರೆಯ ಜೋಳಿಗೆಯಲ್ಲಿ ಮೂರು ತಿಂಗಳ ಕೂಸು.

"ನಕ್ಷೆಯಲ್ಲಿ ಹಳ್ಳ ಇರಲೇ ಇಲ್ಲ, ಯಾರ ತಪ್ಪೂ ಅಲ್ಲ ಅಂದ್ರು ಕಣವ್ವ. ನಾನೂ ಗುಂಪಿನಲ್ಲಿ ನಿಂತು ಕೇಳಿಸ್ಕಂಡೆ. ಚೈನ್‌ಮನ್‌ನ ಯಾರು ಕೇಳ್ತಾರೆ."

ಶೈಲಾ ಗಾಡಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಅದಕ್ಕೇನಾ ನಾನು ಈ ಸಬ್ಜೆಕ್ಟ್ ತಗೊಂಡಾಗ ನೀವು ಖುಷಿ ಪಡಲಿಲ್ಲ?"

ಅದನ್ನು ಅವಳು ಗಮನಿಸಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ಒರೆಸಲು ಜೇಬಿನಿಂದ ಕರ್ಚೀಫು ಎಳೆದೆ. ತುದಿಯ ಗಂಟು ಬಿಚ್ಚಿಕೊಂಡು ಕೆಂಪು ಮಣ್ಣು ಬೆಂಚಿನ ಮೇಲೆ ಚೆಲ್ಲಿತು.

"ಇದೇನಪ್ಪ? ಎಲ್ಲಿಂದ?"

"ಮನೆ ಹಿತ್ತಲಿಂದು. ನಮ್ಮೂರ ಮಣ್ಣಿನ ಹಂಗೇ ಐತೆ ನೋಡು."

ಅವಳು ಎರಡು ಬೆರಳಿನಲ್ಲಿ ತೆಗೆದು ತಿಕ್ಕಿದಳು. ಒಂದು ಚೂರನ್ನು ಉಗುರಿನಿಂದ ಸೀಳಿದಳು. ಅದು ಪದರ ಪದರವಾಗಿ ಬಿಟ್ಟುಕೊಂಡಿತು. ಅವಳ ಮುಖ ಸುಟ್ಟ ಹಾಗಾಯಿತು.

"ಇದು ಮಣ್ಣಲ್ಲ ಅಪ್ಪ. ಎಣ್ಣೆ ತೆಗೆದ ಮೇಲೆ ಉಳಿಯೋ ಕಲ್ಲು. ಸುಟ್ಟ ಮೇಲೆ ಕೆಂಪಾಗತ್ತೆ. ಇದರಲ್ಲಿ ವಿಷದ ಲೋಹಗಳಿರ್ತವೆ. ಇದನ್ನ ತಂದು ಹಳ್ಳಕ್ಕೆ ಸುರಿದಿದ್ದಾರೆ." ಆಮೇಲೆ ನಿಧಾನವಾಗಿ, "ಬಾವಿ ಅದರ ಪಕ್ಕದಲ್ಲೇ ಇದೆ," ಅಂದಳು.

"ಇದನ್ನ ಕೂಸಿನ ಅಂಗಾಲಿಗೆ ಹಚ್ಚಿದೀನಿ ಕಣವ್ವ," ಅಂದೆ.

ಗುರುವಾರ

ಮಕ್ಕಳನ್ನು ನೋಡುವ ನರ್ಸಮ್ಮ ಕಾಲು ತಿರುವಿ ಮುರುವಿ ನೋಡಿ, ಅಷ್ಟಕ್ಕೆ ಏನೂ ಆಗುವುದಿಲ್ಲ, ತೊಳೆದರೆ ಸಾಕು ಅಂದಳು. ಅಷ್ಟರಲ್ಲಿ ನಾನು ಮೂರು ಸಲ ತೊಳೆದಿದ್ದೆ. ಮನೆಗೆ ಬಂದು ನಾಲ್ಕನೇ ಸಲ ತೊಳೆದೆ. ವೇದಾ ಆಟವೆಂದುಕೊಂಡು ನಕ್ಕಳು. ಅವಳು ಮೊದಲ ಸಲ ಬಾಯಿಬಿಟ್ಟು ನಕ್ಕದ್ದು ಆವತ್ತೇ. ಆ ನಗುವಿಗೆ ನಾನು ಹನ್ನೊಂದು ವರ್ಷ ಕಾದಿದ್ದೆ. ತಲೆ ಎತ್ತಿ ನೋಡಲಾಗಲಿಲ್ಲ.

ಕರ್ಚೀಫಿನಲ್ಲಿ ಉಳಿದದ್ದನ್ನು ಶೈಲಾ ತನ್ನ ವಿಭಾಗದ ಗೆಳತಿಗೆ ಕೊಟ್ಟಿದ್ದಳು. ಗುರುವಾರ ಮಧ್ಯಾಹ್ನ ಉತ್ತರ ಬಂತು. ಶೈಲಾ ಹೇಳಿದ್ದೇ ನಿಜ. ಅದು ಇರುವ ಕಡೆ ಬಾವಿಯ ನೀರು ಕುಡಿಯಬಾರದು, ಮಕ್ಕಳು ನೆಲದಲ್ಲಿ ಆಡಬಾರದು.

ನವೀನ ಫೋನು ಕೆಳಗಿಟ್ಟು ಕೂತ. "ನಾಲ್ಕು ವರ್ಷ ಮಾವ," ಅಂದ. ಫೋನನ್ನು ಮತ್ತೆ ಎತ್ತಿಕೊಂಡು, "ಸರಿ. ಬೇಡ ಅಂತ ದಲ್ಲಾಳಿಗೆ ಒಂದು ಮೆಸೇಜ್ ಹಾಕ್ತೀನಿ. ಮುಗೀತು," ಅಂದ.

"ಗುನ್ನಾರ್‌ಗೆ ಹೇಳಬೇಕು," ಅಂದೆ.

"ಯಾಕೆ ಮಾವ? ನಾವು ತಗೊಳ್ತಾ ಇಲ್ಲ, ಅಷ್ಟೇ. ಅವರ ಮನೆ ಮಾರೋದು ಕೆಡಿಸೋಕೆ ನಾವ್ಯಾರು?"

"ನಾವಲ್ಲದಿದ್ರೆ ಇನ್ನೊಬ್ರು ತಗಳ್ತಾರೆ. ಅವರ್ಗೂ ಕೂಸು ಇರ್ತದೆ."

ನವೀನ ಹೆಂಡತಿಯ ಕಡೆ ನೋಡಿದ. ನದಿಯ ಪಕ್ಕ ನಾನು ಹೇಳಿದ್ದನ್ನು ಅವಳು ಅವನಿಗೆ ತಿಳಿಸಿರಲಿಲ್ಲ. "ಹೋಗೋಣ," ಅಂದಳು ಶೈಲಾ.

ಮತ್ತೆ ಕೆಂಪು ಮನೆ

ಶುಕ್ರವಾರ ಸಹಿಯ ಹೊತ್ತಿಗೆ ನಾವು ಅವನ ಅಡುಗೆ ಮನೆಯಲ್ಲಿದ್ದೆವು. ಗುನ್ನಾರ್ ಹೊಸ ಟೈ ಕಟ್ಟಿದ್ದ. ಬನ್ನು ಸಿದ್ಧ ಮಾಡಿದ್ದ, ನನ್ನ ತಟ್ಟೆಗೆ ಮೊದಲೇ ಮೂರು ಹಾಕಿದ್ದ. ಅದನ್ನು ನೋಡಿ ನನಗೆ ಎದ್ದು ಹೋಗೋಣ ಅನ್ನಿಸಿತು.

ಶೈಲಾ ಎರಡು ಹಾಳೆ ಬಿಡಿಸಿ ಅವನ ಭಾಷೆಯಲ್ಲಿ ಹೇಳಿದಳು. ಅವನು ಕನ್ನಡಕ ಹಾಕಿಕೊಂಡು ಗೆರೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಬಹಳ ಮೆಲ್ಲಗೆ ಮಾತಾಡಿದ. ಶೈಲಾ ತಡೆದು ತಡೆದು ಹೇಳಿದಳು. ಚಿಕ್ಕಂದಿನಲ್ಲಿ ಅವನ ತಂದೆ ಆ ಎಣ್ಣೆ ಕೆಲಸದಲ್ಲಿ ಲಾರಿ ಓಡಿಸುತ್ತಿದ್ದನಂತೆ. ನೆಲ ಸಮ ಮಾಡಲು ಬಿಟ್ಟಿ ಮಣ್ಣು ಸಿಕ್ಕಿತು ಅಂತ ಊರವರೆಲ್ಲ ಹಾಕಿಸಿಕೊಂಡರಂತೆ. ಇಲ್ಲಿಗೂ ತಂದಿದ್ದು ತನ್ನ ತಂದೆಯೇ ಇರಬಹುದು. ಹೆಂಡತಿಗೆ ಆ ಪಟ್ಟಿಯಲ್ಲಿ ಆಲೂಗೆಡ್ಡೆ ಬರುತ್ತಲೇ ಇರಲಿಲ್ಲವಂತೆ. ನಿನಗೆ ಕೈಗುಣವಿಲ್ಲ ಅಂತ ನಲವತ್ತು ವರ್ಷ ರೇಗಿಸಿದ್ದನಂತೆ.

ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಅಂದ. ಶೈಲಾ ಅದನ್ನು ಹೇಳಲು ಹಿಂದೆಮುಂದೆ ನೋಡಿದಳು.

"ಹೇಳವ್ವ."

"ನೀವು ಸುಮ್ನೆ ಬೇಡ ಅಂದಿದ್ರೆ ಸಾಕಿತ್ತು. ನನಗೆ ಯಾಕೆ ತಿಳಿಸಿದ್ರಿ, ಅಂತಾರೆ. ಇನ್ನು ನಾನು ಯಾರಿಗೂ ಮಾರೋ ಹಾಗಿಲ್ಲ. ಇಲ್ಲೇ ಇರಬೇಕು, ಅಂತಾರೆ."

ಬನ್ನು ಹಾಗೇ ಉಳಿಯಿತು. ಗೋಡೆಯ ಮೇಲಿನ ದುಂಡು ಬಿಳುಪನ್ನು ನೋಡುತ್ತಾ ನಾಲ್ಕು ಜನ ಕೂತೆವು. ಕೊನೆಗೆ ಗುನ್ನಾರ್ ಎದ್ದು ಹೊರಗೆ ಹೋಗಿ, ಕೊಟ್ಟಿಗೆಯಿಂದ ಉದ್ದನೆಯ ಒಂದು ಕಬ್ಬಿಣದ ಸಲಾಕೆ ತಂದು ನನ್ನ ಕೈಗೆ ಕೊಟ್ಟ. ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಎಲ್ಲಿಂದ ಎಲ್ಲಿಗೆ ಅಂತ ತೋರಿಸಿ ಅಂತಾರೆ," ಅಂದಳು ಶೈಲಾ. "ಕೊಮ್ಯೂನ್‌ಗೆ ತಿಳಿಸಬೇಕಲ್ಲ, ಸರಿಯಾಗಿ ತಿಳಿಸೋಣ ಅಂತಾರೆ."

ಕೊಮ್ಯೂನ್ ಅಂದರೆ ಅಲ್ಲಿಯ ಪುರಸಭೆ. ಗುನ್ನಾರ್ ಮೆಟ್ಟಿಲ ಮೇಲೆ ಕೂತ. ನವೀನ ಬಾವಿಯ ಹತ್ತಿರ ಟೇಪಿನ ಒಂದು ತುದಿ ಹಿಡಿದು ನಿಂತ. ಶೈಲಾ ವೇದಾಳನ್ನು ಎದೆಗೆ ಕಟ್ಟಿಕೊಂಡು ಪುಸ್ತಕ, ಪೆನ್ಸಿಲು ಹಿಡಿದಳು. ನಾನು ಟೇಪಿನ ಇನ್ನೊಂದು ತುದಿ ಹಿಡಿದು ಮುಂದೆ ಹೊರಟೆ. ಹೆಜ್ಜೆಗೊಮ್ಮೆ ಸಲಾಕೆ ಚುಚ್ಚುತ್ತಾ ಹೋದೆ. ಮೊದಲು ಜೇಡಿ, ಮೆತ್ತಗೆ ಇಳಿಯಿತು. ಮತ್ತೆ ಜೇಡಿ. ಸೇಬಿನ ಮರ ದಾಟಿದ ಮೇಲೆ ಕಬ್ಬಿಣ ಕರಕರ ಅಂದಿತು. ಎಳೆದಾಗ ತುದಿ ಕೆಂಪಗಿತ್ತು.

ಎದುರಿಗೆ ಮುಳ್ಳಿನ ಗುಲಾಬಿ ಪೊದೆ ಇತ್ತು, ಗುನ್ನಾರ್‌ನ ಹೆಂಡತಿ ನೆಟ್ಟದ್ದು. ಬಳಸಿಕೊಂಡು ಹೋಗಬಹುದಿತ್ತು. ಒಳಗೇ ನುಗ್ಗಿದೆ. ಕೋಟು ಹರಿಯಿತು, ಕೈ ತರಚಿತು.

"ಏನಪ್ಪ ಅಲ್ಲಿ?" ಅಂತ ಶೈಲಾ ಕೂಗಿದಳು.

"ಹಳ್ಳ, ಎಡದಂಡೆ," ಅಂದೆ.

ವೇದಾ ಎಚ್ಚರಾಗಿ ಅಳುತ್ತಿದ್ದಳು. "ಕೇಳಿಸಲಿಲ್ಲ," ಅಂದಳು ಶೈಲಾ, "ಇನ್ನೊಂದು ಸಲ ಹೇಳಿ."

ನಾನು ಪೊದೆಯ ನಡುವೆ ನೆಟ್ಟಗೆ ನಿಂತು, ಟೇಪು ಬಿಗಿ ಹಿಡಿದು, ಇನ್ನೊಂದು ಸಲ ಕೂಗಿದೆ. ಅವಳು ಬರೆದುಕೊಂಡಳು.